ಮನೆ ಗಿರಣಿ: ಬೀಸೋ ಕೂಲಿ ಉಳಿಸಲು ಕೊಳ್ಳಬೇಡಿ

ಬೆಳಗಾವಿ, ವಿಜಯಪುರದ ಅಂಗಡಿಗಳಲ್ಲಿ ‘ಘರಘಂಟಿ’ ಅಂತ ಮಾರುವ 1 ಎಚ್‌ಪಿ ಮನೆ ಗಿರಣಿ ಕೇಳಲು ಹೋದರೆ ಮೊದಲು ಕಿವಿಗೆ ಬೀಳುವ ಮಾತು ಇದು: “ಗಿರಣಿಗೆ ಕೊಡೋ ರೊಕ್ಕ ಉಳೀತೈತ್ರಿ.” ಉಳಿಯುವುದೇನೋ ಖರೆ, ಎಷ್ಟು ಅಂತ ನೋಡೋಣ. ನಾಲ್ಕು ಜನರ ಮನೆಗೆ ಜೋಳ, ಗೋಧಿ ಸೇರಿ ತಿಂಗಳಿಗೆ 20 ಕೆಜಿ ಹಿಟ್ಟು ಅಂದುಕೊಳ್ಳಿ. ಕೆಜಿಗೆ 6 ರೂಪಾಯಿ ಬೀಸೋ ಕೂಲಿ ಹಿಡಿದರೆ 120 ರೂಪಾಯಿ. ಯಂತ್ರಕ್ಕೆ 16,000 ಕೊಟ್ಟಿದ್ದರೆ ಅದು ತೀರಲು ಹನ್ನೊಂದು ವರ್ಷ ಬೇಕು. ಅಷ್ಟರೊಳಗೆ ಹಿಟ್ಟು ಸೋಸಿ ಬಿಡುವ ಜಾಳಿ ನಾಲ್ಕು ಸಲ ಹರಿದಿರುತ್ತದೆ, ಮೋಟಾರು ಶುರು ಮಾಡಿಸುವ ಕೆಪಾಸಿಟರ್ ಒಮ್ಮೆಯಾದರೂ ಹೋಗಿರುತ್ತದೆ. ಕೂಲಿ ಉಳಿಸಲು ಇದನ್ನು ಕೊಳ್ಳುವುದು ದಡ್ಡತನ.

ಆದರೂ ಕೆಲವು ಮನೆಗಳಿಗೆ ಇದು ಒಂದೇ ವರ್ಷದಲ್ಲಿ ದುಡ್ಡು ತೀರಿಸುತ್ತದೆ. ಆ ಲೆಕ್ಕ ಬೇರೆ, ಅದು ರೊಟ್ಟಿ ಬುಟ್ಟಿಯಲ್ಲಿದೆ.

ರೊಟ್ಟಿ ಕೇಂದ್ರದಿಂದಲೋ ಖಾನಾವಳಿಯಿಂದಲೋ ದಿನಕ್ಕೆ ಎಂಟು ರೊಟ್ಟಿ ತರಿಸುವ ಮನೆಗಳು ಈಗ ಕಡಿಮೆ ಇಲ್ಲ. ಒಂದಕ್ಕೆ 10 ರೂಪಾಯಿ ಹಿಡಿಯಿರಿ. 2025-26ಕ್ಕೆ ಮಾಲದಂಡಿ ಅನ್ನುವ ಬಿಳಿಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ. ಹಸನು ಮಾಡಿದ ಒಳ್ಳೆ ಜೋಳ ಚಿಲ್ಲರೆಯಲ್ಲಿ ಇದಕ್ಕಿಂತ ಮೇಲೆಯೇ ಸಿಗುವುದರಿಂದ ಕೆಜಿಗೆ 50 ಹಾಕೋಣ. ರೊಟ್ಟಿಗೆ 60 ಗ್ರಾಂ ಹಿಟ್ಟಿನಂತೆ ಕೆಜಿಗೆ 16 ರೊಟ್ಟಿ. ಆ 16 ರೊಟ್ಟಿಯ ಗ್ಯಾಸಿಗೆ ಏಳೆಂಟು ರೂಪಾಯಿ, ಕರೆಂಟಿಗೆ ಒಂದು. ಎಲ್ಲ ಸೇರಿ ಒಂದು ರೊಟ್ಟಿಗೆ ನಾಲ್ಕು ರೂಪಾಯಿ ಒಳಗೇ. ಎಂಟು ರೊಟ್ಟಿಗೆ ದಿನಕ್ಕೆ 48 ರೂಪಾಯಿ, ತಿಂಗಳಿಗೆ 1,440 ಉಳಿತಾಯ. ನಿಮ್ಮ ಓಣಿಯ ದರ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ. ರೊಟ್ಟಿ ಬಡಿಯುವವರ ಕೈಗೆ ಮಾತ್ರ ಇಲ್ಲಿ ಕೂಲಿ ಹಾಕಿಲ್ಲ, ಮನೆಯಲ್ಲಿ ಯಾರೂ ಹಾಕುವುದಿಲ್ಲ. ಎಂಟು ರೊಟ್ಟಿಗೆ ಹಿಟ್ಟು ನಾದುವುದರಿಂದ ಹಿಡಿದು ಹಂಚು ಇಳಿಸುವವರೆಗೆ ಮುಕ್ಕಾಲು ತಾಸು ಬೇಕು. ಅಷ್ಟು ಹೊತ್ತು ಯಾರದು ಅನ್ನುವುದು ಮೊದಲೇ ತೀರ್ಮಾನ ಆಗಿರಲಿ.

ಗಿರಣಿಗೂ ರೊಟ್ಟಿಗೂ ಎಲ್ಲಿಯ ಸಂಬಂಧ? ರೊಟ್ಟಿ ಮಾಡುವುದನ್ನು ಬಿಟ್ಟವರನ್ನು ಕೇಳಿ ನೋಡಿ. ಬಹಳ ಮಂದಿ ಹೇಳುವುದು “ಬಡಿಯಾಕ ಬರೂದಿಲ್ಲ, ಹರೀತಾವ” ಅಂತ. ಅರ್ಧಕ್ಕರ್ಧ ಸಲ ತಪ್ಪು ಕೈಯದ್ದಲ್ಲ, ಹಿಟ್ಟಿನದು. ಗೋಧಿಯಲ್ಲಿರುವ ಗ್ಲುಟನ್ ಅನ್ನುವ ಜಿಗುಟು ಪ್ರೊಟೀನು ಜೋಳದಲ್ಲಿಲ್ಲ. ಜೋಳದ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುವುದು ಪಿಷ್ಟದ ಅಂಟಿನಿಂದ. ಆ ಅಂಟು ಬಿಡಲು ಸುಮಾರು 70 ಡಿಗ್ರಿ ದಾಟಿದ ಬಿಸಿ ಬೇಕು. ಎಸರು ಕುದಿಸಿ ಹಾಕುವುದು ಅದಕ್ಕೇ. ಹಿಟ್ಟು ಹಳತಾದಂತೆ ಮೊಳಕೆಯ ಭಾಗದ ಎಣ್ಣೆ ಕಮಟಿ ಹಿಟ್ಟು ಕಹಿಯಾಗುತ್ತದೆ, ಹಿರಿಯರು ‘ಜಿಗಿ’ ಅನ್ನುವ ಅಂಟುಗುಣವೂ ಕಡಿಮೆಯಾಗುತ್ತದೆ. ತಿಂಗಳಿಗೊಮ್ಮೆ 15 ಕೆಜಿ ಬೀಸಿಸಿ ಡಬ್ಬಿ ತುಂಬಿಡುವ ಮನೆಯಲ್ಲಿ ಮೊದಲ ವಾರ ರೊಟ್ಟಿ ಚಂದ ಬರುತ್ತದೆ, ನಾಲ್ಕನೇ ವಾರ ಅದೇ ಕೈಯಲ್ಲಿ ಹರಿಯುತ್ತದೆ. ಅಂಗಡಿಯ ಪ್ಯಾಕೆಟ್ ಹಿಟ್ಟಂತೂ ಯಾವಾಗ ಬೀಸಿದ್ದೋ. ಮನೆ ಗಿರಣಿಯ ನಿಜವಾದ ಲಾಭ ಎರಡು ಕೆಜಿ ಬೇಕಾದಾಗ ಎರಡೇ ಕೆಜಿ ಬೀಸಿಕೊಳ್ಳುವುದು. ಕೂಲಿ ಉಳಿಯಿತು ಅನ್ನುವುದು ಅದರ ಮುಂದೆ ಸಣ್ಣ ಮಾತು.

ಹಿಟ್ಟಿಗೆ ಜಿಗಿ ಇದೆಯೋ ಇಲ್ಲವೋ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಎರಡು ಚಮಚ ಹಿಟ್ಟಿಗೆ ಕುದಿಯುವ ನೀರು ಹಾಕಿ ಕಲಸಿ, ಆರಿದ ಮೇಲೆ ಗಟ್ಟಿಯಾಗಿ ನಾದಿ ಬೆರಳುದ್ದ ಬತ್ತಿ ಹೊಸೆಯಿರಿ. ಅದನ್ನು ಬಳೆಯಂತೆ ಮೆಲ್ಲಗೆ ಬಾಗಿಸಿ. ತಾಜಾ ಹಿಟ್ಟಿನದು ಅರ್ಧ ವೃತ್ತದವರೆಗೆ ಬಾಗಿ ಹೊರಮೈಯಲ್ಲಿ ಸಣ್ಣ ಗೆರೆ ಮೂಡುತ್ತದೆ ಅಷ್ಟೇ. ಹಳೆಯ ಹಿಟ್ಟಿನದು ಕಾಲು ಭಾಗ ಬಾಗುವಷ್ಟರಲ್ಲಿ ಪಟ್ಟನೆ ಎರಡು ತುಂಡು.

ಇನ್ನು ಯಂತ್ರ. ಊರ ಗಿರಣಿಯಲ್ಲಿ ಕಲ್ಲು ಕಾಳನ್ನು ಉಜ್ಜುತ್ತದೆ. ಮನೆ ಗಿರಣಿಯಲ್ಲಿ ಸ್ಟೀಲ್ ಬ್ಲೇಡು ಕಾಳನ್ನು ಬಡಿದು ಪುಡಿ ಮಾಡಿ, ತೂತಿನ ಜಾಳಿ ದಾಟುವಷ್ಟು ಸಣ್ಣದಾದ ಮೇಲೆ ಕೆಳಗೆ ಬಿಡುತ್ತದೆ. ಕಲ್ಲಿನ ಹಿಟ್ಟಿನ ಮೆತ್ತನೆ ಇದಕ್ಕೆ ಪೂರ್ತಿ ಬರುವುದಿಲ್ಲ, ಬರುತ್ತದೆ ಅನ್ನುವ ಅಂಗಡಿಯವನ ಮಾತು ನಂಬಬೇಡಿ. ಆದರೆ ಸರಿಯಾದ ಜಾಳಿ ಹಾಕಿದರೆ ರೊಟ್ಟಿಗೆ ಏನೂ ಕೊರತೆ ಆಗದು. ಜೊತೆಗೆ ಐದಾರು ಜಾಳಿ ಕೊಡುತ್ತಾರೆ, ನಂಬರಿನ ಪದ್ಧತಿ ಕಂಪನಿಗೊಂದು. ನಂಬರ್ ಬಿಡಿ, ಬೆಳಕಿಗೆ ಹಿಡಿದು ತೂತು ನೋಡಿ. ಅತಿ ಸಣ್ಣ ತೂತಿನದು ಗೋಧಿಗೂ ಕಡಲೆಹಿಟ್ಟಿಗೂ. ಜೋಳಕ್ಕೆ ಅದರ ನಂತರದ್ದು. ರವೆಗೆ, ಥಾಲಿಪಟ್ಟಿನ ಹಿಟ್ಟಿಗೆ ಇನ್ನೂ ದೊಡ್ಡದು. ಜೋಳಕ್ಕೂ ಅತಿ ಸಣ್ಣದನ್ನೇ ಹಾಕಿದರೆ ಕಾಳು ಒಳಗೇ ಸುತ್ತಿ ಸುತ್ತಿ ಕಾಯುತ್ತದೆ, ಹಿಟ್ಟು ಸುಟ್ಟ ವಾಸನೆ ಹೊಡೆಯುತ್ತದೆ.

ಡಬ್ಬದ ಮೇಲೆ ತಾಸಿಗೆ 8ರಿಂದ 10 ಕೆಜಿ ಅಂತ ಬರೆದಿರುವುದು ದಪ್ಪ ಜಾಳಿಯ ಲೆಕ್ಕ. ರೊಟ್ಟಿಯ ಹಿಟ್ಟಾದರೆ 5–6 ಕೆಜಿ ಬಂದರೆ ದೊಡ್ಡದು. ಎರಡು ಕೆಜಿಗೆ ಇಪ್ಪತ್ತು–ಇಪ್ಪತ್ತೈದು ನಿಮಿಷ, ಅರ್ಧ ಯೂನಿಟ್ ಒಳಗೆ ಕರೆಂಟು. ಗೃಹಜ್ಯೋತಿ ಇರುವ ಮನೆಗೆ ನಿಮ್ಮ ಸರಾಸರಿಯ ಮಿತಿ ದಾಟದಿದ್ದರೆ ಅದರ ಖರ್ಚೂ ಇಲ್ಲ. ಸದ್ದು ಮಿಕ್ಸರಿನಷ್ಟು ಕಿರುಚುವುದಿಲ್ಲ, ಆದರೆ ಇಪ್ಪತ್ತು ನಿಮಿಷ ಎಡೆಬಿಡದೆ ಗುಂಯ್ ಅನ್ನುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಮಧ್ಯಾಹ್ನ ಬೀಸುವುದು ನೆರೆಹೊರೆಗೆ ಒಳ್ಳೆಯದು.

ಕೊಳ್ಳುವ ದಿನ ಮನೆಯಿಂದಲೇ ಒಂದು ಕೆಜಿ ಜೋಳ ಒಯ್ಯಿರಿ. ಅಂಗಡಿಯವರು ತೋರಿಸುವುದು ಗೋಧಿ ಬೀಸಿ, ಗೋಧಿ ಯಾವ ಯಂತ್ರದಲ್ಲೂ ಚಂದವೇ. ನಿಮ್ಮ ಜೋಳ ಹಾಕಿಸಿ, ಬಂದ ಹಿಟ್ಟನ್ನು ಹೆಬ್ಬೆರಳು–ತೋರುಬೆರಳಿನ ನಡುವೆ ಉಜ್ಜಿ ನೋಡಿ. ತರಿ ತರಿ ಸಿಕ್ಕರೆ ಇನ್ನೊಂದು ಜಾಳಿ ಹಾಕಿಸಿ. ಹಿಟ್ಟಿನ ಡಬ್ಬಿ ಕೂಡುವ ಜಾಗದಲ್ಲಿ ಸುತ್ತ ಕೈಯಾಡಿಸಿ. ಬೆರಳಿಗೆ ಹಿಟ್ಟು ಹತ್ತಿದರೆ ರಬ್ಬರ್ ಪಟ್ಟಿ ಸರಿಯಿಲ್ಲ, ಮನೆಗೆ ಬಂದ ಮೇಲೆ ಅಡುಗೆಮನೆಯೆಲ್ಲ ಬಿಳಿ. ಹೊಸ ಮಾದರಿಗಳ ಬಟನ್, ಬಣ್ಣದ ದೀಪ, ತಾನೇ ಆಫ್ ಆಗುವ ಸೌಕರ್ಯಕ್ಕೆ ಎರಡು–ಮೂರು ಸಾವಿರ ಹೆಚ್ಚು ಕೊಡುವ ಅಗತ್ಯ ಕಾಣುವುದಿಲ್ಲ. ಹೊರೆ ಹೆಚ್ಚಾದಾಗ ಮೋಟಾರು ನಿಲ್ಲಿಸುವ ಓವರ್‌ಲೋಡ್ ಸ್ವಿಚ್ ಇರಲೇಬೇಕು, ಅದಕ್ಕೆ ಮಾತ್ರ ರಾಜಿ ಬೇಡ.

ಕೆಡುವುದು ಬಹುತೇಕ ಕರೆಂಟಿನ ದೆಸೆಯಿಂದ, ಇಲ್ಲವೇ ಕಾಳಿನ ದೆಸೆಯಿಂದ. 1 ಎಚ್‌ಪಿ ಅಂದರೆ 746 ವ್ಯಾಟ್. ನಷ್ಟ ಸೇರಿಸಿ ಓಡುವಾಗ ಐದು ಆಂಪಿಯರ್ ಆಸುಪಾಸು ಎಳೆಯುತ್ತದೆ, ಆದರೆ ಶುರುವಾಗುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು. ಟಿವಿಗೆ ಹಾಕುವ 6 ಆಂಪಿಯರ್ ಎಕ್ಸ್‌ಟೆನ್ಶನ್ ಬಾಕ್ಸಿಗೆ ಸಿಕ್ಕಿಸಿದರೆ ಪಿನ್ನು ಕರಗಬಹುದು. ಫ್ರಿಜ್, ಗೀಸರಿನ 16 ಆಂಪಿಯರ್ ಸಾಕೆಟ್ಟೇ ಬೇಕು, ಅರ್ಥಿಂಗ್ ಸಹಿತ. ಸಂಜೆ ವೋಲ್ಟೇಜ್ ಇಳಿಯುವ ಹಳ್ಳಿಗಳಲ್ಲಿ ಯಂತ್ರ ತಿರುಗದೆ ಬರೀ ಹೂಂಗುಟ್ಟುತ್ತದೆ. ಆ ಸದ್ದು ಮೂರು ಸೆಕೆಂಡಿಗಿಂತ ಹೆಚ್ಚು ಕೇಳಿದರೆ ಕೂಡಲೇ ಆಫ್ ಮಾಡಿ, ಇಲ್ಲವಾದರೆ ಮೋಟಾರಿನೊಳಗಿನ ತಂತಿ ಸುರುಳಿ (ವೈಂಡಿಂಗ್) ಸುಡುತ್ತದೆ. ವೋಲ್ಟೇಜ್ ಚೆನ್ನಾಗಿದ್ದೂ ಹೂಂಗುಟ್ಟಿದರೆ ಕೆಪಾಸಿಟರ್ ಹೋಗಿದೆ. ಅದು ನೂರಿನ್ನೂರು ರೂಪಾಯಿಯ ಸಾಮಾನು, ‘ಮೋಟಾರೇ ಹೋಗೈತಿ’ ಅನ್ನುವ ರಿಪೇರಿಯವನಿಗೆ ಮೊದಲು ಅದನ್ನು ಬದಲಿಸಿ ನೋಡಲು ಹೇಳಿ.

ಯಾವಾಗಲೂ ಮೊದಲು ಮೋಟಾರು, ಆಮೇಲೆ ಕಾಳು. ಮುಗಿಸುವಾಗ ಮೊದಲು ಕಾಳು ನಿಲ್ಲಿಸಿ, ಒಂದು ನಿಮಿಷ ಬರಿದೇ ಓಡಿಸಿ, ಆಮೇಲೆ ಮೋಟಾರು. ನಡುವೆ ಕರೆಂಟು ಹೋದರೆ ಪ್ಲಗ್ ಕಿತ್ತು, ಒಳಗೆ ಸಿಕ್ಕ ಕಾಳು ತೆಗೆದು ಆಮೇಲೆ ಶುರು ಮಾಡಿ. ತುಂಬಿದ ಹೊಟ್ಟೆಯಲ್ಲಿ ಅದು ಏಳುವುದಿಲ್ಲ.

ಕಾಳಿನ ವಿಷಯಕ್ಕೆ ಬಂದರೆ, ರೊಟ್ಟಿಗೆ ಹಿಂಗಾರಿನ ಬಿಳಿಜೋಳ, ಅಂದರೆ ಮಾಲದಂಡಿ (ಎಂ 35-1) ಅಥವಾ ವಿಜಯಪುರದ ಕೃಷಿ ಸಂಶೋಧನಾ ಕೇಂದ್ರದ ಬಿಜೆವಿ-44. ಮುಂಗಾರಿನ ಹೈಬ್ರಿಡ್ ಅಗ್ಗ ಅಂತ ತಂದರೆ ರೊಟ್ಟಿಗೆ ಆ ರುಚಿಯೂ ಇಲ್ಲ, ಬಣ್ಣವೂ ಇಲ್ಲ. ಕಾಳು ಪೂರ್ತಿ ಒಣಗಿರಬೇಕು, ಹಲ್ಲಿಗೆ ಇಟ್ಟು ಕಡಿದರೆ ಕಟ್ಟನೆ ಒಡೆಯಬೇಕು. ತೊಳೆದು ಅರೆಬರೆ ಒಣಗಿಸಿದ ಜೋಳ ಜಾಳಿಯ ತೂತಿಗೆ ಮೆತ್ತಿಕೊಂಡು ಹಿಟ್ಟು ಕೆಳಗೆ ಇಳಿಯುವುದೇ ಇಲ್ಲ. ಮೊರದಲ್ಲಿ ಕೇರಿ ಹಸನು ಮಾಡುವುದನ್ನು ತಪ್ಪಿಸಬೇಡಿ: ಊರ ಗಿರಣಿಯ ಕಲ್ಲಿಗೆ ಲೆಕ್ಕಕ್ಕಿಲ್ಲದ ಒಂದು ಹರಳು ಇಲ್ಲಿ ಜಾಳಿಯನ್ನು ಸೀಳುತ್ತದೆ. ಹರಿದ ಜಾಳಿಯ ಸ್ಟೀಲ್ ಚೂರು ಹಿಟ್ಟಿಗೇ ಬೀಳುತ್ತದೆ, ಹಾಗಾಗಿ ಬೀಸುವಾಗ ಟಣ್ ಅಂದರೆ ನಿಲ್ಲಿಸಿ ನೋಡಿ, ಅಂದಿನ ಹಿಟ್ಟನ್ನು ಸಾಣಿಸದೆ ಬಳಸಬೇಡಿ.

ಸಜ್ಜೆ, ಅಕ್ಕಿ, ಕಡಲೆಬೇಳೆ, ಉದ್ದಿನಬೇಳೆ ಎಲ್ಲ ಸೈ. ಶೇಂಗಾ, ಎಳ್ಳು, ಗುರೆಳ್ಳು, ಅಗಸಿ ಖಂಡಿತ ಬೇಡ. ಎಣ್ಣೆ ಬಿಟ್ಟು ಜಾಳಿ ಮುಚ್ಚಿ ಒಳಗೆಲ್ಲ ಮೇಣದಂತೆ ಕಟ್ಟಿಕೊಳ್ಳುತ್ತದೆ, ಬಿಡಿಸಲು ಅರ್ಧ ದಿನ ಬೇಕು. ಚಟ್ನಿಪುಡಿಗೆ ಒಳಕಲ್ಲು ಅಥವಾ ಮಿಕ್ಸರ್ ಇದ್ದೇ ಇದೆ. ಒಣ ಮೆಣಸಿನಕಾಯಿ ಬೀಸಲು ಕೆಲವು ಕಂಪನಿಗಳು ಜಾಳಿ ಕೊಟ್ಟಿರುತ್ತವೆ. ಒಮ್ಮೆ ಬೀಸಿದರೆ ಮುಂದಿನ ಎರಡು ಸಲದ ರೊಟ್ಟಿ ಮಕ್ಕಳು ಮುಟ್ಟುವುದಿಲ್ಲ.

ಹೊರಬಂದ ಹಿಟ್ಟು ಬೆಚ್ಚಗಿರುತ್ತದೆ. ಹಾಗೇ ಮುಚ್ಚಳ ಹಾಕಿದರೆ ಒಳಗೆ ಬೆವರಿ ಗಂಟು ಕಟ್ಟಿ ಮುಗ್ಗಲು ವಾಸನೆ ಬರುತ್ತದೆ. ಬಟ್ಟೆಯ ಮೇಲೆ ಅರ್ಧ ತಾಸು ಹರವಿ ಆಮೇಲೆ ತುಂಬಿ. ಅರ್ಧ ಕೆಜಿ ಹಿಟ್ಟಿಗೆ ಅರ್ಧ ಲೀಟರಿಗಿಂತ ತುಸು ಕಡಿಮೆ ನೀರು ಸಾಕು: ಅರ್ಧ ಹಿಟ್ಟಿನ ನಡುವೆ ಗುಳಿ ಮಾಡಿ ಮೂರರಲ್ಲೆರಡು ಪಾಲು ನೀರನ್ನು ಕುದಿಕುದಿಯುತ್ತಲೇ ಸುರಿದು, ಚಮಚದ ಹಿಡಿಕೆಯಿಂದ ತಿರುವಿ ಐದು ನಿಮಿಷ ಮುಚ್ಚಿ, ಉಳಿದ ಹಿಟ್ಟು, ಉಗುರುಬೆಚ್ಚನೆ ನೀರು ಆಮೇಲೆ. ನಾದುವುದು ಒಂದೊಂದೇ ಉಂಡಿ, ಬಡಿಯುವ ಮುಂಚೆ. ಬಡಿಯುವಾಗಲೇ ಅಂಚು ಒಡೆದರೆ ಎಸರು ಆರಿತ್ತು ಅಥವಾ ಹಿಟ್ಟು ಹಳೆಯದು. ಎತ್ತುವಾಗ ನಡುವೆ ಹರಿದರೆ ನೀರು ಹೆಚ್ಚು, ಇಲ್ಲವೇ ಜಾಳಿ ದಪ್ಪದ್ದು. ಹಂಚಿನ ಮೇಲೆ ಹಾಕಿ ನೀರು ಸವರಿದ ಮೇಲೂ ಉಬ್ಬದಿದ್ದರೆ ಹಂಚು ಕಾದಿಲ್ಲ.

ಯಾರು ಕೊಳ್ಳಬಾರದು ಅನ್ನುವುದನ್ನೂ ಹೇಳಬೇಕು. ಗಿರಣಿ ಮನೆಯಿಂದ ಐದು ನಿಮಿಷದ ದಾರಿಯಾಗಿದ್ದು, ಗಿರಣಿಯವರು ವಾರಕ್ಕೆ ಮೂರು ಕೆಜಿಯನ್ನೂ ಮುಖ ಸಿಂಡರಿಸದೆ ಬೀಸಿಕೊಟ್ಟರೆ ಈ 16,000 ದಂಡ. ಒಂದು ತಿಂಗಳು ಹಾಗೆ ಮಾಡಿ ನೋಡಿ. ತಾಜಾ ಹಿಟ್ಟಿನಲ್ಲೂ ಮನೆಯವರು ರೊಟ್ಟಿ ಬಡಿಯದೆ ಹೊರಗಿನದನ್ನೇ ತರಿಸಿದರೆ ಯಂತ್ರ ತಂದರೂ ತರಿಸುತ್ತಾರೆ, ಅಷ್ಟೇ. ಗಿರಣಿಯಲ್ಲಿ ಪಾಳಿ, ಕರೆಂಟಿಲ್ಲದ ಹೊತ್ತು, ಹಿಂದಿನವರ ಗೋಧಿಯೋ ಮೆಕ್ಕೆಜೋಳವೋ ನಿಮ್ಮ ಹಿಟ್ಟಿಗೆ ಬೆರೆಯುವುದು ನಿತ್ಯದ ಗೋಳಾಗಿದ್ದರೆ, ಗೋಧಿ ತಿನ್ನಬಾರದವರು ಮನೆಯಲ್ಲಿದ್ದರೆ, ದಿನಕ್ಕೆ ಆರೆಂಟು ರೊಟ್ಟಿ ಹೊರಗಿನಿಂದ ಬರುತ್ತಿದ್ದರೆ ಕಣ್ಣುಮುಚ್ಚಿ ಕೊಳ್ಳಬಹುದು. ಗೋಧಿ ತಿನ್ನಬಾರದವರಿದ್ದ ಮನೆಯಲ್ಲಿ ಆ ಯಂತ್ರಕ್ಕೆ ಗೋಧಿ ಹಾಕಲೇಬೇಡಿ, ಬ್ರಷ್ ಹೊಡೆದರೂ ಮೂಲೆಯಲ್ಲಿ ಉಳಿಯುತ್ತದೆ.

ಪ್ರತಿ ಸಲ ಬೀಸಿದ ಮೇಲೆ ಪ್ಲಗ್ ಕಿತ್ತು ಜಾಳಿ ಹೊರತೆಗೆದು ಒಣ ಬ್ರಷ್ಷಿನಿಂದ ಒರೆಸಬೇಕು, ನೀರು ತಾಗಿಸಬಾರದು. ಒಂದು ವಾರ ಬಿಟ್ಟರೆ ಮಳೆಗಾಲದಲ್ಲಿ ಅದರಲ್ಲಿ ನುಸಿ ಆಡುತ್ತದೆ. ಜೋಳದ ಜಾಳಿಯೇ ಮೊದಲು ಸವೆಯುವುದರಿಂದ ಬಿಲ್ ಹಾಕಿಸುವಾಗಲೇ ಅದೇ ತೂತಿನದು ಇನ್ನೊಂದು ಕೇಳಿ ಇಸಿದುಕೊಳ್ಳಿ. ಮಾದರಿ ನಿಂತುಹೋದ ಮೇಲೆ ಅಳತೆಗೆ ಹೊಂದುವ ಜಾಳಿ ಹುಡುಕುತ್ತ ತಿರುಗಬೇಕಾಗುತ್ತದೆ.