ಅಂಗಡಿ ಅಜ್ಜ ಬೊಂಬಾಯಿಗೆ ಹೋಗಿಲ್ಲ: ಸೆಸಮಿ ಸ್ಟ್ರೀಟ್‌ನ 1839ನೇ ಎಪಿಸೋಡು

ನಮ್ಮ ಮನೆ ಉಡುಪಿಯ ಸಂತೆಕಟ್ಟೆ ಹತ್ತಿರ. ರಸ್ತೆ ತಿರುಗುವ ಕಡೆ ಒಂದು ಸಣ್ಣ ಜೀನಸಿನ ಅಂಗಡಿ ಇದೆ. ಅದನ್ನು ನಡೆಸುತ್ತಿದ್ದ ಅಜ್ಜ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ನನ್ನ ಮಗನಿಗೆ ಆಗ ಐದು ವರ್ಷ. ದಿನಾ ಸಂಜೆ ಅಲ್ಲಿಗೆ ಹೋಗಿ ಒಂದು ಕಡ್ಲೆ ಮಿಠಾಯಿ ತಗೊಳ್ಳುತ್ತಿದ್ದ, ಬೇರೆಯವರಿಗೆ ಅಕ್ಕಿ ಬೇಳೆ ತೂಗುವಾಗ ತಕ್ಕಡಿಗೆ ತೂಕದ ಕಲ್ಲು ಇಡುವ ಕೆಲಸವನ್ನು ಅಜ್ಜ ಇವನಿಗೇ ಕೊಡುತ್ತಿದ್ದರು, ಅದೇ ಅವನ ದಿನದ ದೊಡ್ಡ ಖುಷಿ.

ಅಜ್ಜ ಎಲ್ಲಿ ಅಂತ ಅವನು ಕೇಳಿದಾಗ ನಾನು ಸುಳ್ಳು ಹೇಳಿದೆ. ಬೊಂಬಾಯಿಗೆ ಹೋಗಿದ್ದಾರೆ ಮಗಾ, ಮಗನ ಮನೆಗೆ, ಅಂದೆ. ನಮ್ಮ ಕಡೆ ಪ್ರತಿ ಮನೆಯಿಂದಲೂ ಒಬ್ಬರಾದರೂ ಬೊಂಬಾಯಿಗೆ ಹೋದವರಿರುತ್ತಾರೆ, ಹಾಗಾಗಿ ಅವನು ನಂಬಿದ. ಆದರೆ ಬೊಂಬಾಯಿಗೆ ಹೋದವರು ವಾಪಸ್ ಬರುತ್ತಾರೆ, ಅಲ್ವಾ? ಅವನ ದೊಡ್ಡಪ್ಪ ಬರುತ್ತಾರೆ, ಪಕ್ಕದ ಮನೆಯವರು ಬರುತ್ತಾರೆ. ಅಷ್ಟಮಿಗೆ ಬರ್ತಾರಾ, ಫೋನ್ ಮಾಡು, ವಿಡಿಯೋದಲ್ಲಿ ತೋರಿಸು ಅಂತ ಶುರುವಾಯಿತು. ಅಂಗಡಿ ಎದುರಿಗೆ ಶ್ರದ್ಧಾಂಜಲಿಯ ಫ್ಲೆಕ್ಸ್ ಹಾಕಿದ್ದರು. ಅದರಲ್ಲಿ ಅಜ್ಜನ ಫೋಟೋ ನೋಡಿ ಇವನು ಟಾಟಾ ಮಾಡಿದ. ಆ ದಿನ ನನಗೆ ತಡೆಯಲು ಆಗಲಿಲ್ಲ.

ಮಕ್ಕಳಿಗೆ ಸಾವನ್ನು ಹೇಗೆ ಹೇಳುವುದು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅಮೆರಿಕದ ಸೆಸಮಿ ಸ್ಟ್ರೀಟ್‌ನ ಒಂದು ಹಳೆಯ ಎಪಿಸೋಡು. 1983ರ ನವೆಂಬರ್ 24ರಂದು ಬಂದದ್ದು. ಗೊಂಬೆಗಳು ಅಕ್ಷರ, ಅಂಕಿ ಕಲಿಸುವ ಕಾರ್ಯಕ್ರಮ, 1969ರಲ್ಲಿ ಶುರುವಾದದ್ದು ಅಂತ ಬಹಳ ಜನರಿಗೆ ಗೊತ್ತು. ಆ ಬೀದಿಯಲ್ಲಿ ಮನುಷ್ಯರೂ ಗೊಂಬೆಗಳೂ ಒಟ್ಟಿಗೆ ಇರುತ್ತಾರೆ, ಅಲ್ಲೊಂದು ಅಂಗಡಿ, ಅದರ ಯಜಮಾನ ಹೂಪರ್ ಎಂಬ ಮುದುಕ. ಹೂಪರ್ ಪಾತ್ರ ಮಾಡುತ್ತಿದ್ದ ವಿಲ್ ಲೀ ಮೊದಲ ವರ್ಷದಿಂದಲೂ ಇದ್ದವರು, 1982ರ ಡಿಸೆಂಬರ್‌ನಲ್ಲಿ ನಿಜವಾಗಿಯೇ ತೀರಿಕೊಂಡರು.

ಆಗ ಕಾರ್ಯಕ್ರಮದವರ ಮುಂದೆ ಸುಲಭದ ದಾರಿಗಳಿದ್ದವು. ಬೇರೆ ನಟನನ್ನು ತರಬಹುದಿತ್ತು. ಹೂಪರ್ ಅಂಗಡಿ ಬಿಟ್ಟು ಫ್ಲಾರಿಡಾಕ್ಕೆ ಹೋಗಿ ನೆಲೆಸಿದರು ಎಂದುಬಿಡಬಹುದಿತ್ತು, ಆ ಯೋಚನೆಯೂ ಅವರಿಗೆ ಬಂದಿತ್ತು. ಇದನ್ನು ಓದಿದಾಗ ನನಗೆ ಎದೆಗೆ ತಾಗಿತು. ಅವರ ಫ್ಲಾರಿಡಾ, ನನ್ನ ಬೊಂಬಾಯಿ, ಎರಡೂ ಒಂದೇ. ಅವರು ಹಾಗೆ ಮಾಡಲಿಲ್ಲ. ಮಕ್ಕಳ ಮನಸ್ಸು ತಿಳಿದವರನ್ನು ಕೇಳಿದರು, ನಾರ್ಮನ್ ಸ್ಟೈಲ್ಸ್ ಬರೆದರು, ಪ್ರಸಾರಕ್ಕೆ ಮೊದಲು ಸಣ್ಣ ಮಕ್ಕಳಿಗೆ ತೋರಿಸಿ ಅವರಿಗೆ ಏನು ಅರ್ಥವಾಯಿತು ಎಂದೂ ನೋಡಿದರು. ಪ್ರಸಾರಕ್ಕೆ ಆರಿಸಿದ ದಿನ ಅಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅಪ್ಪ ಅಮ್ಮ ಮನೆಯಲ್ಲಿರುವ ದಿನ, ಮಗು ಏನಾದರೂ ಕೇಳಿದರೆ ಉತ್ತರ ಕೊಡಲು ಯಾರಾದರೂ ಪಕ್ಕದಲ್ಲಿ ಇರಲಿ ಅಂತ. ಇಷ್ಟು ಯೋಚನೆ ಮಾಡುವವರನ್ನು ನಾನು ಮಕ್ಕಳ ಟೀವಿಯಲ್ಲಿ ಬೇರೆ ಕಂಡಿಲ್ಲ.

ಇನ್ನು ಆ ದೃಶ್ಯ. ಹಳದಿ ಬಣ್ಣದ ದೊಡ್ಡ ಹಕ್ಕಿ ಬಿಗ್ ಬರ್ಡ್ ಬರುತ್ತದೆ. ನೋಡಲು ಎಂಟಡಿ ಎತ್ತರ, ಬುದ್ಧಿಯಲ್ಲಿ ಆರು ವರ್ಷದ ಮಗು. ತನ್ನ ದೊಡ್ಡವರೆಲ್ಲರ ಚಿತ್ರ ಬರೆದು ತಂದಿದೆ. ಒಬ್ಬೊಬ್ಬರಿಗೂ ಅವರವರ ಚಿತ್ರ ಕೊಡುತ್ತದೆ, ಎಲ್ಲರೂ ನಗುತ್ತಾರೆ. ಕೊನೆಗೆ ಒಂದು ಉಳಿಯುತ್ತದೆ. ಹೂಪರ್ ಅವರದ್ದು. ಅಂಗಡಿಗೆ ಹೋಗಿ ಕೊಟ್ಟು ಬರುತ್ತೇನೆ ಎಂದು ಹಕ್ಕಿ ಹೊರಡುತ್ತದೆ, ದೊಡ್ಡವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಹೂಪರ್ ಸತ್ತಿದ್ದಾರೆ ಅಂತ ಮೊದಲೇ ಹೇಳಿದ್ದೆವಲ್ಲ, ನೆನಪಿಲ್ಲವಾ ಎನ್ನುತ್ತಾರೆ. ಹಕ್ಕಿಗೆ ನೆನಪಿದೆ. ಸರಿ, ಹಾಗಾದರೆ ವಾಪಸ್ ಬಂದಾಗ ಕೊಡುತ್ತೇನೆ ಎನ್ನುತ್ತದೆ. ಇಲ್ಲಿ ನನ್ನ ಮಗ ನನ್ನ ಕೈ ಹಿಡಿದುಕೊಂಡ. ಆ ದೊಡ್ಡವರಲ್ಲಿ ಒಬ್ಬಳಾದ ಸೂಸನ್ ಹತ್ತಿರ ಹೋಗಿ, ಸತ್ತವರು ವಾಪಸ್ ಬರುವುದಿಲ್ಲ ಎಂದು ಮೆಲ್ಲಗೆ, ಸ್ಪಷ್ಟವಾಗಿ ಹೇಳುತ್ತಾಳೆ. ಮಲಗಿದ್ದಾರೆ ಅನ್ನುವುದಿಲ್ಲ. ದೂರ ಹೋಗಿದ್ದಾರೆ ಅನ್ನುವುದಿಲ್ಲ. ಕಾಯಿಲೆ ಬಂದು ಹೋದರು ಅಂತಲೂ ಇಲ್ಲ. ಕಾಯಿಲೆಯ ಮಾತು ಬಂದರೆ ನಾಳೆ ಅಮ್ಮನಿಗೆ ಜ್ವರ ಬಂದಾಗ ಮಗು ಹೆದರುತ್ತದೆ, ಅದು ನನಗೆ ಆಮೇಲೆ ಹೊಳೆಯಿತು.

ಆಮೇಲೆ ಹಕ್ಕಿ ಕೇಳುವ ಪ್ರಶ್ನೆ ಇದೆಯಲ್ಲ, ಅದು ಮಕ್ಕಳೇ ಕೇಳುವಂಥದ್ದು. ಇನ್ನು ನನಗೆ ಮಿಲ್ಕ್‌ಶೇಕ್ ಮಾಡಿಕೊಡುವವರು ಯಾರು, ಕತೆ ಹೇಳುವವರು ಯಾರು? ದೊಡ್ಡವರಿಗೆ ಇದು ಸ್ವಾರ್ಥ ಅನ್ನಿಸಬಹುದು, ಖಂಡಿತ ಅಲ್ಲ. ಆ ಅಜ್ಜನ ಪ್ರೀತಿ ಮಗುವಿಗೆ ಗೊತ್ತಾಗಿದ್ದೇ ಆ ಲೋಟದಿಂದ. ಅಂಗಡಿ ಈಗ ನನ್ನದು, ನಾನೇ ಮಾಡಿಕೊಡುತ್ತೇನೆ ಎನ್ನುತ್ತಾನೆ ಡೇವಿಡ್. ಹಕ್ಕಿ ಒಪ್ಪುತ್ತದೆ, ಆದರೂ ಮೊದಲಿನ ಹಾಗೆ ಇರುವುದಿಲ್ಲ ಎನ್ನುತ್ತದೆ. ಹೌದು, ಇರುವುದಿಲ್ಲ ಎಂದು ದೊಡ್ಡವರೂ ಒಪ್ಪಿಕೊಳ್ಳುತ್ತಾರೆ. ಯಾರೂ ಸುಮ್ನೆ ಸಮಾಧಾನ ಮಾಡುವುದಿಲ್ಲ.

ಯಾಕೆ ಹೀಗಾಗಬೇಕು, ಒಂದು ಕಾರಣ ಹೇಳಿ ಎಂದು ಹಕ್ಕಿ ಹಠ ಹಿಡಿದಾಗ ಅದೇ ಬೀದಿಯ ಗಾರ್ಡನ್ ಎಂಬವನಿಗೆ ಕಾರಣ ಸಿಗುವುದಿಲ್ಲ. ಅದು ಹಾಗೇ, ಅಷ್ಟೇ ಎನ್ನುತ್ತಾನೆ. ಇದೇ ಮಾತು ಎಪಿಸೋಡಿನ ಶುರುವಿನಲ್ಲಿ ಬಂದಿರುತ್ತದೆ. ಆಗ ಹಕ್ಕಿ ತಲೆಯನ್ನು ಕಾಲಿನ ನಡುವೆ ತೂರಿಸಿ ಹಿಂದೆ ಹಿಂದೆ ನಡೆಯುತ್ತಿರುತ್ತದೆ, ಯಾಕೆ ಅಂದರೆ ಸುಮ್ನೆ ಎನ್ನುತ್ತದೆ. ಆಟದಲ್ಲಿ ಬಂದ ಮಾತು ಸಾವಿನ ಎದುರು ಮತ್ತೆ ಬರುತ್ತದೆ. ಬರೆದವರಿಗೆ ಕೈಮುಗಿಯಬೇಕು.

ಈ ಹಕ್ಕಿ ಹೂಪರ್ ಹೆಸರನ್ನು ಯಾವತ್ತೂ ಸರಿಯಾಗಿ ಹೇಳಿದ್ದಿಲ್ಲ, ಲೂಪರ್ ಗೀಪರ್ ಎಂದೆಲ್ಲ ಅನ್ನುತ್ತಿತ್ತು, ಅವರು ಪ್ರತಿ ಸಲ ತಿದ್ದುತ್ತಿದ್ದರು. ಕೊನೆಯಲ್ಲಿ ಚಿತ್ರ ನೋಡುತ್ತಾ ಮತ್ತೆ ತಪ್ಪು ಹೆಸರೇ ಹೇಳುತ್ತದೆ. ತಿದ್ದಲು ಅವರಿಲ್ಲ. ಅಲ್ಲಿದ್ದ ಮರಿಯಾ ಎಂಬವಳು ಅಳು ತಡೆದುಕೊಂಡು ತಿದ್ದುತ್ತಾಳೆ. ಆ ನಟರ ಕಣ್ಣೀರು ನಿಜವಾದದ್ದು, ಹದಿಮೂರು ವರ್ಷ ಜೊತೆಗೆ ಕೆಲಸ ಮಾಡಿದವರನ್ನು ಕಳಕೊಂಡಿದ್ದರು.

ಗೊಂಬೆ ಆಡಿಸಿದವರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಹಕ್ಕಿಯ ಒಳಗೆ ಇದ್ದವರು ಕ್ಯಾರಲ್ ಸ್ಪಿನ್ನಿ. ಬಲಗೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ಹಿಡಿದು ಹಕ್ಕಿಯ ಕೊಕ್ಕು ಆಡಿಸಬೇಕು, ಹೊರಗಿನದು ಏನೂ ಕಾಣುವುದಿಲ್ಲ, ಎದೆಗೆ ಕಟ್ಟಿಕೊಂಡ ಪುಟ್ಟ ಟೀವಿಯಲ್ಲಿ ನೋಡಿಕೊಂಡೇ ನಟಿಸಬೇಕು. ದೃಶ್ಯದಲ್ಲಿ ಕಾಣುವ ಚಿತ್ರಗಳನ್ನು ಬರೆದದ್ದೂ ಅವರೇ. ಹಕ್ಕಿಯ ಮುಖ ಬದಲಾಗುವುದೇ ಇಲ್ಲ, ರೆಪ್ಪೆ ಸ್ವಲ್ಪ ಇಳಿಯುತ್ತದೆ, ತಲೆ ಸ್ವಲ್ಪ ಬಾಗುತ್ತದೆ. ಅಷ್ಟಕ್ಕೇ ನಮಗೆ ಗಂಟಲು ಕಟ್ಟುತ್ತದೆ. ಕುಂದಾಪುರದ ಉಪ್ಪಿನಕುದ್ರುವಿಗೆ ಯಕ್ಷಗಾನ ಗೊಂಬೆಯಾಟ ನೋಡಲು ಮಗನನ್ನು ಕರಕೊಂಡು ಹೋಗಿದ್ದಾಗಲೂ ನನಗೆ ಹೀಗೇ ಆಗಿತ್ತು. ಅಲ್ಲಿ ಮೇಲಿನಿಂದ ದಾರ, ಮರದ ಗೊಂಬೆ, ಮುಖ ಕದಲುವುದಿಲ್ಲ, ಆದರೂ ಭಾಗವತರ ಪದ ಏರಿದಾಗ ಗೊಂಬೆಯ ಕತ್ತು ತುಸು ತಿರುಗಿದರೆ ಸಾಕು, ಜೀವ ಬಂದುಬಿಡುತ್ತದೆ.

ಕೊರತೆ ಹೇಳುವುದಾದರೆ ಭಾಷೆ. ಇಂಗ್ಲಿಷ್ ಮಾತು ಮಗನಿಗೆ ಹಿಡಿಯಲಿಲ್ಲ, ನಾನು ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕಾಯಿತು. ಸತ್ತವರು ವಾಪಸ್ ಬರುವುದಿಲ್ಲ ಅನ್ನುವುದನ್ನು ನನ್ನ ಬಾಯಿಂದಲೇ ಹೇಳಬೇಕಾಯಿತು, ಹೇಳಿದೆ. ಭಾರತದ ಆವೃತ್ತಿ 2006ರಲ್ಲಿ ಗಲಿ ಗಲಿ ಸಿಮ್ ಸಿಮ್ ಅಂತ ಹಿಂದಿಯಲ್ಲಿ ಬಂತು, ಚಮ್ಕಿ ಅನ್ನುವ ಹುಡುಗಿ ಗೊಂಬೆ ಚೆನ್ನಾಗಿದ್ದಳು. ಉಪ್ಪಿನಕುದ್ರು ಇರುವ ಜಿಲ್ಲೆಯ ಮಕ್ಕಳಿಗೆ ಅವರದೇ ಮಾತಿನಲ್ಲಿ ಇಂಥದ್ದೊಂದು ಬೇಕು ಅಂತ ನನಗೆ ಬಹಳ ಆಸೆ.

ಇನ್ನೊಂದು, ಸತ್ತವರು ಎಲ್ಲಿಗೆ ಹೋಗುತ್ತಾರೆ ಅನ್ನುವುದಕ್ಕೆ ಇದರಲ್ಲಿ ಉತ್ತರ ಇಲ್ಲ. ದೇವರ ಮಾತೇ ಇಲ್ಲ. ನಮ್ಮ ಅತ್ತೆಗೆ ಅದು ಸರಿಬರಲಿಲ್ಲ. ನನಗೆ ಅದೇ ಒಳ್ಳೆಯದು ಅನ್ನಿಸಿತು. ಆ ಜಾಗವನ್ನು ಅವರವರ ಮನೆಗೆ ಬಿಟ್ಟಿದ್ದಾರೆ. ರಾತ್ರಿ ಅತ್ತೆ ತಮಗೆ ತಿಳಿದ ಹಾಗೆ ಅವನಿಗೆ ಹೇಳಿದರು, ಅವನು ಕೇಳಿದ.

ಮರುದಿನ ಅಂಗಡಿಗೆ ಹೋದೆವು. ಈಗ ಅಜ್ಜನ ಸೊಸೆ ಕೂರುತ್ತಾರೆ. ಇನ್ನು ನೀವೇ ಕೊಡೋದಾ ಅಂತ ಕೇಳಿದ. ಹೌದು ಮಗಾ ಅಂದರು. ತಕ್ಕಡಿ ಹತ್ತಿರ ಹೋಗಿ ನಿಂತ, ಅವರಿಗೆ ಅದು ಅರ್ಥವಾಗಲಿಲ್ಲ. ನಾನು ಹೇಳಿದ ಮೇಲೆ ತೂಕದ ಕಲ್ಲು ಅವನ ಕೈಗೆ ಕೊಟ್ಟು, ಅತ್ತ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ನೀವೂ ತೋರಿಸುವುದಾದರೆ ಪಕ್ಕದಲ್ಲಿ ಕೂತು ತೋರಿಸಿ, ಫೋನ್ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಬೇಡಿ. ಮಲಗುವ ಹೊತ್ತಿಗೆ ಬೇಡ, ಹಗಲಿಗೆ ಒಳ್ಳೆಯದು, ಪ್ರಶ್ನೆ ಕೇಳಲು ಅವರಿಗೆ ಹೊತ್ತು ಬೇಕು. ಯೂಟ್ಯೂಬ್‌ನಲ್ಲಿ ಹಾಕಿರುವ ಕೆಲವು ತುಣುಕುಗಳು ಎಲ್ಲರೂ ಹಕ್ಕಿಯನ್ನು ಅಪ್ಪಿಕೊಳ್ಳುವಲ್ಲಿಗೆ ಮುಗಿಯುತ್ತವೆ. ಅಲ್ಲಿಗೆ ನಿಲ್ಲಿಸಬೇಡಿ, ಪೂರ್ತಿ ಇರುವುದನ್ನೇ ಹುಡುಕಿ. ಆಮೇಲೆ ಹಕ್ಕಿ ಹೂಪರ್ ಚಿತ್ರವನ್ನು ತನ್ನ ಗೂಡಿನ ಹತ್ತಿರ ತೂಗುಹಾಕುತ್ತದೆ, ಅಷ್ಟರಲ್ಲಿ ಒಂದು ಹಸುಗೂಸನ್ನು ನೋಡಲು ಅದನ್ನು ಕರೆಯುತ್ತಾರೆ. ನನ್ನ ಮಗ ಉಸಿರು ಬಿಟ್ಟದ್ದು ಆ ಪಾಪುವನ್ನು ನೋಡಿದ ಮೇಲೆ.