ರೋಬೋಟ್‌ಗೆ ಯಾವ ಚಕ್ರ? ರಬ್ಬರ್, ಓಮ್ನಿ, ಆರು ಚಕ್ರ, ಮೆಕಾನಮ್: ಒಂದೇ ಚಾಸಿಯ ಮೇಲೆ ಹೋಲಿಕೆ

ಕೊಡಗಿನಲ್ಲಿ ಹೊಸ ತಂಡ ಸ್ಪರ್ಧೆಗೆ ರೋಬೋಟ್ ಕಟ್ಟಲು ಕೂತರೆ ಮೊದಲು ಬರುವ ಮಾತು ‘ಮೆಕಾನಮ್ ಹಾಕೋಣ’. ಸುತ್ತಲೂ ಓರೆ ರೋಲರ್ ಇರುವ ಈ ಚಕ್ರದ ಮೇಲೆ ರೋಬೋಟ್ ಅಡ್ಡಡ್ಡಲಾಗಿ ಓಡುವುದನ್ನು ವಿಡಿಯೊದಲ್ಲಿ ನೋಡಿದವರಿಗೆ ಆ ಆಸೆ ಸಹಜ. ಆದರೆ ಮೊದಲು ನೋಡಬೇಕಾದದ್ದು ಎರಡು: ಅಖಾಡದ ನೆಲ ಯಾವುದು, ಓಡಿಸಿ ಅಭ್ಯಾಸ ಮಾಡಲು ಎಷ್ಟು ದಿನ ಇದೆ.

ಹೋಲಿಕೆಗೆ ಇಟ್ಟುಕೊಂಡದ್ದು ಒಂದೇ ಚಾಸಿ: 40 ಸೆಂ.ಮೀ. ಚದರದ ಅಲ್ಯೂಮಿನಿಯಂ ಚೌಕಟ್ಟು, ಬ್ಯಾಟರಿ ಸೇರಿ 7 ಕೆ.ಜಿ., 12 ವೋಲ್ಟ್ 300 ಆರ್‌ಪಿಎಂ (ನಿಮಿಷಕ್ಕೆ 300 ಸುತ್ತು) ಜಾನ್ಸನ್ ಗೇರ್ ಮೋಟಾರ್, 100 ಮಿ.ಮೀ. ಚಕ್ರ. ಒಂದು ಸುತ್ತಿಗೆ 31.4 ಸೆಂ.ಮೀ. ಅಂದರೆ ಸೆಕೆಂಡಿಗೆ ಸುಮಾರು 1.57 ಮೀಟರ್, ಭಾರ ಹೊತ್ತಾಗ ಇನ್ನೂ ಕಡಿಮೆ. 12 ಅಡಿ ಚದರದ ಅಖಾಡಕ್ಕೆ ಇಷ್ಟು ವೇಗ ಧಾರಾಳ. ನೆಲ ಮೂರು ಬಗೆಯದು: ಕಾಫಿ ಒಣಗಿಸುವ ಸಿಮೆಂಟ್ ಕಣ, ತರಗತಿಯ ನುಣುಪು ಟೈಲ್ಸ್, ಫೋಮ್ ಮ್ಯಾಟ್.

ನಾಲ್ಕೂ ರಬ್ಬರ್ ಚಕ್ರವಿದ್ದರೆ ಕಟ್ಟುವುದು ಸುಲಭ, ತಿರುಗಿಸುವುದು ಕಷ್ಟ. ನಿಂತಲ್ಲೇ ತಿರುಗುವಾಗ ಪ್ರತಿ ಚಕ್ರವೂ ಪಕ್ಕಕ್ಕೆ ಉಜ್ಜಿಕೊಂಡೇ ಹೋಗಬೇಕು. ಟೈಲ್ಸ್ ಮೇಲೆ ಜಾರಿ ಹೇಗೋ ತಿರುಗುತ್ತದೆ. ಕಣದ ಒರಟು ಸಿಮೆಂಟಿನ ಮೇಲೆ ಕುಪ್ಪಳಿಸುತ್ತದೆ, ಮೋಟಾರ್ ಎಳೆಯುವ ಕರೆಂಟ್ ಏರುತ್ತದೆ, ಮೋಟಾರ್‌ಗೆ ಕರೆಂಟ್ ಹಾಯಿಸುವ ಎಲ್298ಎನ್ ಡ್ರೈವರ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಆ ಡ್ರೈವರ್‌ನ ಮಿತಿ ಚಾನೆಲ್‌ಗೆ 2 ಆಂಪಿಯರ್. ಅದರಲ್ಲೇ 2 ವೋಲ್ಟ್‌ನಷ್ಟು ಸೋರಿಹೋಗುತ್ತದೆ. ಈ ಮೋಟಾರ್‌ಗಳಿಗೆ ಅದು ಬೇಡ, ಹೆಚ್ಚು ಕರೆಂಟ್ ತಾಳುವ ಬಿಟಿಎಸ್7960 ಡ್ರೈವರ್ ಹಾಕಿ.

ಮುಂದಿನ ಎರಡು ಚಕ್ರ ತೆಗೆದು ಓಮ್ನಿ (ಅಂಚಿನ ಸಣ್ಣ ರೋಲರ್‌ಗಳಿಂದ ಪಕ್ಕಕ್ಕೂ ಸರಿಯುವ ಚಕ್ರ) ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಮುಂಭಾಗ ಸಲೀಸಾಗಿ ಸರಿದು, ಹಿಂದಿನ ಅಚ್ಚಿನ ಸುತ್ತ ಗಾಡಿ ತಿರುಗುತ್ತದೆ. ಚೈನ್ ಬೇಡ, ಕೋಡ್ ಬದಲಿಸುವುದೂ ಬೇಡ. ಕೊರತೆ ಒಂದೇ: ಎದುರಾಳಿ ಮುಂದಿನ ಮೂಲೆಗೆ ಪಕ್ಕದಿಂದ ಗುದ್ದಿದರೆ ಮುಖ ತಿರುಗಿಹೋಗುತ್ತದೆ. ಮೊದಲ ವರ್ಷದ ತಂಡಕ್ಕೆ, ವಸ್ತು ಎತ್ತಿ ಇಡುವ ಆಟಕ್ಕೆ, ಇದೇ ಸಾಕು.

ತಳ್ಳಾಟ ಇರುವ ಆಟಕ್ಕೆ ಆರು ಚಕ್ರ. ಇದರ ಗುಟ್ಟೆಲ್ಲ ನಡುವಿನ ಚಕ್ರದಲ್ಲಿದೆ. ಅದರ ಅಚ್ಚಿನ ತೂತನ್ನು ಉಳಿದವಕ್ಕಿಂತ 3 ಮಿ.ಮೀ. ಕೆಳಗೆ ಕೊರೆಯಬೇಕು. ಆಗ ನೆಲ ಮುಟ್ಟುವುದು ಒಂದು ಹೊತ್ತಿಗೆ ನಾಲ್ಕೇ ಚಕ್ರ. ಗಾಡಿಯ ಉದ್ದ ಅರ್ಧವಾದ ಹಾಗೆ, ಉಜ್ಜಾಟ ಕಡಿಮೆ, ಹಿಡಿತ ಮಾತ್ರ ಪೂರಾ. ಸರಿಯಾಗಿದೆಯೇ ಎಂದು ನೋಡಲು ಸಮತಟ್ಟು ನೆಲದ ಮೇಲಿಟ್ಟು ಮೂಲೆಯನ್ನು ಬೆರಳಿನಿಂದ ಒತ್ತಿ. ಹಳೆಯ ಬೆಂಚಿನಂತೆ ತುಸು ತೂಗಬೇಕು. ಫೋಮ್ ಮೇಲೆ ನಡುಚಕ್ರ ಹುಗಿದು ಆ 3 ಮಿ.ಮೀ. ಕರಗಿಹೋಗುತ್ತದೆ, ಅಲ್ಲಿಗೆ ಇನ್ನೂ ಸ್ವಲ್ಪ ಇಳಿಸಬೇಕು. ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಚೈನ್ ಕಳಚುವುದು ಬಹುತೇಕ ಅದು ಕೂರುವ ಹಲ್ಲಿನ ಗಾಲಿಗಳು, ಅಂದರೆ ಸ್ಪ್ರಾಕೆಟ್‌ಗಳು ಒಂದೇ ಗೆರೆಯಲ್ಲಿ ಇಲ್ಲದ್ದರಿಂದ. ಎರಡರ ಮುಖಕ್ಕೂ ಸ್ಟೀಲ್ ಸ್ಕೇಲ್ ಒತ್ತಿ ಹಿಡಿದರೆ ಎಲ್ಲಿ ಸಂದಿದೆ ಎಂದು ಕಣ್ಣಿಗೇ ಕಾಣುತ್ತದೆ.

ಇನ್ನು ಮೆಕಾನಮ್. 45 ಡಿಗ್ರಿ ಓರೆಯ ರೋಲರ್‌ಗಳು, ಪ್ರತಿ ಚಕ್ರಕ್ಕೂ ಬೇರೆ ಮೋಟಾರ್, ಬೇರೆ ಡ್ರೈವರ್. ಎಡ, ಬಲ ಎಂದು ಎರಡು ಬಗೆಯ ಚಕ್ರ ಬರುತ್ತವೆ. ಮೇಲಿನಿಂದ ನೋಡಿದಾಗ ರೋಲರ್‌ಗಳು ಗುಣಾಕಾರದ ಚಿಹ್ನೆಯಂತೆ ನಡುವಿಗೆ ಮುಖ ಮಾಡಿರಬೇಕು. ಅದಲುಬದಲಾದರೆ ಮುಂದೆ ಹೋಗುತ್ತದೆ, ಪಕ್ಕಕ್ಕೂ ಸರಿಯುತ್ತದೆ, ತಿರುಗುವುದೇ ಇಲ್ಲ. ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಕೂರುವ ಮೊದಲು ಇದನ್ನು ನೋಡಿ.

ಲೆಕ್ಕ ಇಷ್ಟೇ. ಮುಂದೆ, ಪಕ್ಕ, ತಿರುವು ಎಂಬ ಮೂರು ಆಜ್ಞೆಗಳನ್ನೂ ಕೂಡಿದರೆ ಎಡ ಮುಂದಿನ ಚಕ್ರದ ವೇಗ. ಎಡ ಹಿಂದಿನದಕ್ಕೆ ಪಕ್ಕವನ್ನು ಕಳೆಯಿರಿ, ಬಲ ಮುಂದಿನದಕ್ಕೆ ಪಕ್ಕ, ತಿರುವು ಎರಡನ್ನೂ ಕಳೆಯಿರಿ, ಬಲ ಹಿಂದಿನದಕ್ಕೆ ತಿರುವನ್ನು ಮಾತ್ರ. ಯಾವುದಾದರೂ ಮಿತಿ ಮೀರಿದರೆ ನಾಲ್ಕನ್ನೂ ಅತಿ ದೊಡ್ಡದರಿಂದ ಭಾಗಿಸಿ.

ಕಷ್ಟ ಕೊಡುವುದು ತೂಕ. ನಾಲ್ಕೂ ಚಕ್ರದ ಮೇಲೆ ಹೆಚ್ಚುಕಡಿಮೆ ಸಮಭಾರ ಇಲ್ಲದಿದ್ದರೆ ಪಕ್ಕಕ್ಕೆ ಹೋಗು ಅಂದಾಗ ಓರೆಯಾಗಿ ತಿರುಗಿಕೊಂಡು ಹೋಗುತ್ತದೆ. ಚೌಕಟ್ಟು ತುಸು ತಿರುಚಿದ್ದರೂ ಒಂದು ಚಕ್ರ ಹಗುರಾಗುತ್ತದೆ. ಪ್ರತಿ ಚಕ್ರದ ಕೆಳಗೆ ಕಾಗದದ ಚೂರಿಟ್ಟು ಎಳೆಯಿರಿ. ಸುಲಭವಾಗಿ ಬಂದದ್ದೇ ಹಗುರಾದ ಚಕ್ರ. ಬ್ಯಾಟರಿ ಸರಿಸಿ ಹೊಂದಿಸಿ. ಪಕ್ಕದ ಓಟ ಮುಂದಿನ ಓಟಕ್ಕಿಂತ ನಿಧಾನ, ಬ್ಯಾಟರಿಯನ್ನೂ ಹೆಚ್ಚು ತಿನ್ನುತ್ತದೆ. ತಳ್ಳಾಟದಲ್ಲಿ ಆರು ಚಕ್ರದ ಮುಂದೆ ನಿಲ್ಲುವುದಿಲ್ಲ. ಫೋಮ್ ಮೇಲೆ ಚೆನ್ನಾಗಿ ಓಡುವ ಇದೇ ಚಕ್ರ ಕಣದ ಮೇಲೆ ನಡುಗುತ್ತದೆ, ಮಣ್ಣಿನ ಹರಳು ರೋಲರ್ ಸಂದಿಗೆ ಸೇರಿ ಹಿಡಿದುಕೊಳ್ಳುತ್ತದೆ. ಎಣ್ಣೆ ಬಿಡಬೇಡಿ, ಧೂಳು ಅಂಟುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಆಟದ ನಿಯಮದಲ್ಲಿ ಪಕ್ಕಕ್ಕೆ ಸರಿದು ಗುರಿಗೆ ಹೊಂದಿಸುವ ಕೆಲಸ ಪದೇ ಪದೇ ಇದ್ದು, ಓಡಿಸುವವರಿಗೆ ಒಂದು ತಿಂಗಳಾದರೂ ಅಭ್ಯಾಸ ಸಿಗುವಂತಿದ್ದರೆ ಮಾತ್ರ ಮೆಕಾನಮ್ ಆರಿಸಿ.

ಪ್ರತಿ ಚಕ್ರವೂ ತಾನೇ ದಿಕ್ಕು ತಿರುಗಿಸಿಕೊಳ್ಳುವ ಸ್ವರ್ವ್ ಬೇಡ. ಎಂಟು ಮೋಟಾರ್, ನಾಲ್ಕು ಕೋನ ಸೆನ್ಸರ್; ಒಂದು ಕೆಟ್ಟರೂ ಗಾಡಿ ನಿಲ್ಲುತ್ತದೆ.

ನಮ್ಮ ಮಳೆಗಾಲ ಯಾವ ಚಕ್ರವನ್ನೂ ಬಿಡುವುದಿಲ್ಲ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಜೂನ್‌ನಲ್ಲಿ ಉಬ್ಬಿ ಅಚ್ಚುಗಳು ಓರೆಯಾಗುತ್ತವೆ, ಕಬ್ಬಿಣದ ರೋಲರ್ ಪಿನ್ ತುಕ್ಕು ಹಿಡಿಯುತ್ತದೆ. ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬದಲ್ಲಿಡಿ. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದಾಗಲೇ ಒಂದು ಮೋಟಾರ್, ಒಂದು ಡ್ರೈವರ್, ಎರಡು ಹಬ್ (ಚಕ್ರವನ್ನು ಮೋಟಾರ್ ಶಾಫ್ಟ್‌ಗೆ ಕೂರಿಸುವ ತುಂಡು) ಹೆಚ್ಚಿಗೆ ತನ್ನಿ. ಘಾಟಿಯಲ್ಲಿ ಮಣ್ಣು ಕುಸಿದರೆ ಕೊರಿಯರ್ ಬರುವ ದಿನ ಹೇಳಲಾಗದು. ಅಭ್ಯಾಸಕ್ಕೆ ಅಕ್ಟೋಬರ್ ಒಳ್ಳೆಯದು: ಮಳೆ ತಗ್ಗಿರುತ್ತದೆ, ಅರೇಬಿಕಾ ಕೊಯ್ಲು ಶುರುವಾಗಿರುವುದಿಲ್ಲ, ಕಣ ಖಾಲಿ.

ಯಾವುದನ್ನೇ ಹಾಕಿದರೂ ಹಬ್‌ನ ತಲೆಯಿಲ್ಲದ ಪುಟ್ಟ ಗ್ರಬ್ ಸ್ಕ್ರೂ ಶಾಫ್ಟ್‌ನ ಚಪ್ಪಟೆ ಬದಿಯ ಮೇಲೇ ಕೂರಬೇಕು, ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಬೇಕು. ಶಾಫ್ಟ್‌ನಿಂದ ಹಬ್‌ವರೆಗೆ ಮಾರ್ಕರ್‌ನಲ್ಲಿ ಒಂದು ನೇರ ಗೆರೆ ಎಳೆದಿಡಿ. ಪ್ರತಿ ಆಟದ ನಂತರ ನೋಡಿ. ಗೆರೆ ಮುರಿದಿದ್ದರೆ ಆ ಚಕ್ರ ಸಡಿಲವಾಗಿದೆ.