ಗೇಮ್ ಬಾಯ್‌ನ ಮೂರು ಡಬ್ಲ್ಯೂಡಬ್ಲ್ಯೂಎಫ್ ಗೇಮು, ಯಾವುದ್ರಲ್ಲಿ ನಿಜವಾದ ಕುಸ್ತಿ ಇದೆ?

ಅಂಡರ್‌ಟೇಕರ್ ಇದಾನೆ, ಅವನ ಹೆಸರಾದ ಪಟ್ಟು ಟೂಂಬ್‌ಸ್ಟೋನ್ ಇಲ್ಲ. ಜೇಕ್ ರಾಬರ್ಟ್ಸ್ ಇದಾನೆ, ಅವನ ಪಟ್ಟು ಡಿಡಿಟಿ ಇಲ್ಲ. ನಿಂಟೆಂಡೊದ ಕೈಯಲ್ಲಿ ಹಿಡಿದು ಆಡೋ ಮೆಷಿನ್ ಗೇಮ್ ಬಾಯ್‌ಗೆ ಬಂದ, ಅಮೆರಿಕದ ಟೀವಿ ಕುಸ್ತಿಯ 1992ರ ಗೇಮ್ ಡಬ್ಲ್ಯೂಡಬ್ಲ್ಯೂಎಫ್ ಸೂಪರ್‌ಸ್ಟಾರ್ಸ್ 2 ಬಗ್ಗೆ ನನ್ನ ಬೇಜಾರು ಇಷ್ಟೇ, ಆದ್ರೆ ಸಣ್ಣ ಬೇಜಾರಂತೂ ಅಲ್ಲ. ಇತ್ತೀಚೆಗೆ ಅದನ್ನ, ಅದಕ್ಕಿಂತ ಮುಂಚಿನ 1991ರ ಸೂಪರ್‌ಸ್ಟಾರ್ಸ್ ಅನ್ನ, ಆಮೇಲೆ ಬಂದ 1993ರ ಕಿಂಗ್ ಆಫ್ ದಿ ರಿಂಗ್ ಅನ್ನ ಒಂದಾದ ಮೇಲೊಂದು ಹಾಕಿ ಆಡಿದೆ, ಒಂದರ ರುಚಿ ಮರೆಯೋಕೆ ಮುಂಚೆ ಇನ್ನೊಂದು, ಹಾಗೆ ಆಡಿದಾಗ್ಲೇ ಗೊತ್ತಾಗೋದು ಯಾವುದು ಎಲ್ಲಿ ಸೋತಿದೆ ಅಂತ.

ಮೊದಲು ಸೂಪರ್‌ಸ್ಟಾರ್ಸ್. ಮಾಡಿದ್ದು ಇಂಗ್ಲೆಂಡಿನ ರೇರ್ ಕಂಪನಿ. ಐದೇ ಜನ: ಹಲ್ಕ್ ಹೋಗನ್, ಅಲ್ಟಿಮೇಟ್ ವಾರಿಯರ್, ರ‍್ಯಾಂಡಿ ಸ್ಯಾವೇಜ್, ಮಿಸ್ಟರ್ ಪರ್ಫೆಕ್ಟ್, ಟೆಡ್ ಡಿಬಿಯಾಸಿ. ಇದೇ ಹೆಸರಲ್ಲಿ 1989ರಲ್ಲಿ ಟೆಕ್ನೋಸ್‌ನವರ ಆರ್ಕೇಡ್ ಗೇಮ್ (ಕಾಸು ಹಾಕಿ ಆಡೋ ದೊಡ್ಡ ಮೆಷಿನ್‌ದು) ಒಂದಿತ್ತು, ಇದು ಅದಲ್ಲ, ಅದನ್ನ ಮನಸ್ಸಲ್ಲಿಟ್ಕೊಂಡು ಇದನ್ನ ಕೈಗೆತ್ಕೊಂಡ್ರೆ ನಿರಾಸೆ ಗ್ಯಾರಂಟಿ. ಜೋಡಿಗೆ ಜೋಡಿ ಆಡೋ ಟ್ಯಾಗ್ ಟೀಮ್ ಇಲ್ಲ, ಒಬ್ಬನ ಮೇಲೊಬ್ಬ ಅಷ್ಟೇ. ಆದ್ರೆ ಮ್ಯಾಚಿಗೆ ಮುಂಚೆ ಇಬ್ಬರ ಮುಖ ಬರುತ್ತೆ, ಒಬ್ಬರಿಗೊಬ್ಬರು ಸವಾಲ್ ಹಾಕ್ತಾರೆ, ಅದೊಂದು ಸೀನ್ ಸಾಕು ನಾನು ಆಡ್ತಿರೋದು ಡಬ್ಲ್ಯೂಡಬ್ಲ್ಯೂಎಫ್ ಅಂತ ಅನ್ಸೋಕೆ. ವಾರಿಯರ್ ಮುಖದ ಬಣ್ಣ ಇಲ್ಲಿ ಬರೀ ಹಸಿರು ಛಾಯೆ, ಆದ್ರೂ ಅವನೇ ಅಂತ ತಕ್ಷಣ ಗೊತ್ತಾಗುತ್ತೆ. ಪಟ್ಟುಗಳು ಎಲ್ಲರಿಗೂ ಒಂದೇ, ಅದು ಕೊರತೆನೇ, ಆದ್ರೆ ಮೊದಲನೇ ಪ್ರಯತ್ನ, ಓಟ ಚುರುಕಾಗಿದೆ, ಒತ್ತಿದ್ದಕ್ಕೆ ಪೈಲ್ವಾನ್ ಮಾತು ಕೇಳ್ತಾನೆ.

ಸೂಪರ್‌ಸ್ಟಾರ್ಸ್ 2 ಅನ್ನ ಸ್ಕಲ್ಪ್‌ಚರ್ಡ್ ಸಾಫ್ಟ್‌ವೇರ್ ಮಾಡಿದ್ದು. ಡಬ್ಬದ ಮೇಲೆ ಓದೋಕೆ ಇದೇ ದೊಡ್ಡದು, ಆರು ಜನ, ಟ್ಯಾಗ್ ಟೀಮ್ ಇದೆ, ರಿಂಗ್ ಸುತ್ತ ಪಂಜರ ಹಾಕೋ ಸ್ಟೀಲ್ ಕೇಜ್ ಮ್ಯಾಚ್ ಇದೆ. ಹೋಗನ್, ಸ್ಯಾವೇಜ್ ಜೊತೆ ಅಂಡರ್‌ಟೇಕರ್, ಸಿಡ್ ಜಸ್ಟಿಸ್, ಜೇಕ್ ರಾಬರ್ಟ್ಸ್, ಮೌಂಟಿ. ನಾಲ್ಕೇ ಛಾಯೆಯ ಸ್ಕ್ರೀನಿಗೆ ಅಂಡರ್‌ಟೇಕರ್‌ನಷ್ಟು ಹೊಂದೋ ಪೈಲ್ವಾನ್ ಇನ್ನೊಬ್ಬನಿಲ್ಲ, ಕಪ್ಪು ಬಟ್ಟೆ, ಬಿಳಿಚಿದ ಮುಖ. ಅಂಥವನನ್ನ ತಂದು ಕೂರಿಸಿ ಎಲ್ಲರ ಹಾಗೇ ಗುದ್ದು, ಎಲ್ಲರ ಹಾಗೇ ಸ್ಲ್ಯಾಮ್ ಕೊಟ್ಟಿದಾರೆ. ಮೌಂಟಿ ಹೊಡೆದ್ರೂ ಅದೇ, ಸಿಡ್ ಹೊಡೆದ್ರೂ ಅದೇ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಸ್ಕೂಲ್ ಹುಡುಗರು ಆಡ್ತಿದ್ದ ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡ್‌ನಲ್ಲೂ ಹೈಟು, ವೇಟು, ಚೆಸ್ಟು, ಬೈಸೆಪ್ಸು ಅಂತ ಒಬ್ಬೊಬ್ಬನಿಗೆ ಒಂದೊಂದು ತೂಕ ಇರ್ತಿತ್ತು, ಯಾವ ಕಾರ್ಡ್ ಯಾವಾಗ ಬಿಡ್ಬೇಕು ಅನ್ನೋ ಯೋಚನೆ ಇರ್ತಿತ್ತು. ಇಲ್ಲಿ ಅಷ್ಟು ವ್ಯತ್ಯಾಸನೂ ಕೈಗೆ ಸಿಗಲ್ಲ.

ಅಭಿಮಾನಿಗಳು ಇದಕ್ಕೆ ಹೇಳೋ ಸಮರ್ಥನೆ ನಂಗೆ ಗೊತ್ತು, ಗೇಮ್ ಬಾಯ್‌ನಲ್ಲಿ ಎರಡೇ ಬಟನ್ನು, ಇನ್ನೇನ್ ಮಾಡ್ತಾರೆ ಪಾಪ ಅಂತ. ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಮಾತದು, ನಾನಂತೂ ಒಪ್ಪಲ್ಲ. ಸ್ಕ್ರೀನ್ ವಿಷ್ಯದಲ್ಲಿ ಕಷ್ಟ ಇತ್ತು ಅನ್ನಿ ಒಪ್ತೀನಿ, 160×144 ಪಿಕ್ಸೆಲ್, ಅದ್ರಲ್ಲೂ ಒಂದು ಅಡ್ಡ ಸಾಲಿಗೆ 10 ಸ್ಪ್ರೈಟ್ (ಓಡಾಡೋ ಚಿತ್ರದ ತುಂಡು) ಮಾತ್ರ, ಒಂದೊಂದು 8 ಪಿಕ್ಸೆಲ್ ಅಗಲ, ಅಂದ್ರೆ ಅರ್ಧ ಸ್ಕ್ರೀನ್ ಅಗಲದಷ್ಟೇ ಆಳುಗಳನ್ನ ಅಕ್ಕಪಕ್ಕ ಬಿಡಿಸಬಹುದು, ಇಬ್ಬರು ದೊಡ್ಡ ದೇಹದವರು ನಿಂತ್ರೆ ಲೆಕ್ಕ ಮುಗೀತು, ರೆಫರಿಗೆ ಜಾಗ ಹುಡುಕ್ಬೇಕು. ಇದು ಚಿತ್ರದ ಕಷ್ಟ. ಆದ್ರೆ ಬಟನ್? 1987ರಲ್ಲಿ ಟೀವಿಗೆ ಹಾಕಿ ಆಡೋ ಎನ್‌ಇಎಸ್ ಮೆಷಿನ್‌ಗೆ ಬಂದ ನಿಂಟೆಂಡೊದ ಪ್ರೊ ರೆಸ್ಲಿಂಗ್‌ನಲ್ಲೂ ಅದೇ ಎ, ಅದೇ ಬಿ. ಅಲ್ಲಿ ಆರು ಜನರಿಗೂ ಅವರವರದ್ದೇ ಪಟ್ಟು ಇತ್ತು, ಹಯಬುಸಾ ಒದೆಯೋದೇ ಬೇರೆ, ಅಮೆಜಾನ್ ಕಚ್ಚೋದೇ ಬೇರೆ. ಅದನ್ನ ಮಾಡಿದ ಮಸಾಟೊ ಮಸುಡಾನೇ 1989ರಲ್ಲಿ ಪಿಸಿ ಎಂಜಿನ್ ಅನ್ನೋ ಜಪಾನಿನ ಗೇಮ್ ಮೆಷಿನ್‌ಗೆ ಫೈರ್ ಪ್ರೊ ರೆಸ್ಲಿಂಗ್ ಶುರು ಮಾಡಿದ್ದು, ಅದೂ ಎರಡು ಬಟನ್‌ನ ಕಂಟ್ರೋಲರಲ್ಲೇ. ಇಬ್ರು ಕೈ ಕೈ ಹಿಡಿದ ಕ್ಷಣಕ್ಕೆ ಸರಿಯಾಗಿ ಒತ್ತಿದವನಿಗೆ ಪಟ್ಟು ಸಿಗುತ್ತೆ, ಸುಮ್ನೆ ಪಟಪಟ ಅಂತ ಬಟನ್ ಕುಟ್ಟಿದವನು ಚಿತ್. ಕುಸ್ತಿ ಅಂದ್ರೆ ಅದು ಅಲ್ವಾ, ಯಾರು ಯಾವಾಗ ಹಿಡಿದ ಅನ್ನೋದು. ಹಾಗಾಗಿ ಕೊರತೆ ಇದ್ದಿದ್ದು ಯೋಚನೆಯಲ್ಲಿ. ಸೂಪರ್‌ಸ್ಟಾರ್ಸ್ 2 ಮಾಡಿದ ಸ್ಕಲ್ಪ್‌ಚರ್ಡ್ ಸಾಫ್ಟ್‌ವೇರ್‌ನವರೇ 1992ರಲ್ಲಿ ಸೂಪರ್ ನಿಂಟೆಂಡೊಗೆ ಮಾಡಿದ ಸೂಪರ್ ರೆಸಲ್‌ಮೇನಿಯಾದಲ್ಲಿ ಬಟನ್ ಬೇಕಾದಷ್ಟಿದ್ವು, ಅಲ್ಲೂ ಫಿನಿಶಿಂಗ್ ಮೂವ್ (ಟೂಂಬ್‌ಸ್ಟೋನ್ ಥರ ಮ್ಯಾಚ್ ಮುಗಿಸೋ ಪಟ್ಟು) ಇರಲಿಲ್ಲ. ಮುಂದಿನ ವರ್ಷ ರಾಯಲ್ ರಂಬಲ್‌ನಲ್ಲಿ ಅವ್ರೇ ಕೊಟ್ರು.

ಕಿಂಗ್ ಆಫ್ ದಿ ರಿಂಗ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬ್ರೆಟ್ ಹಾರ್ಟ್, ಶಾನ್ ಮೈಕಲ್ಸ್, ರೇಜರ್ ರಾಮೋನ್, ಯೋಕೊಝೂನಾ ಬಂದ್ರು, ಆಯ್ಕೆ ಮಾಡೋ ಸ್ಕ್ರೀನ್ ತುಂಬಿತು, ಟೂರ್ನಮೆಂಟ್ ಇದೆ, ಕೂತ್ರೆ ಹೊತ್ತು ಹೋಗುತ್ತೆ. ಆದ್ರೆ ಆ ವರ್ಷ ಟೀವಿಯಲ್ಲಿ ಯೋಕೊಝೂನಾನ ಇಡೀ ಕಥೆನೇ ಅವನನ್ನ ಎತ್ತಿ ಒಗೆಯೋಕೆ ಯಾರ ಕೈಲೂ ಆಗಲ್ಲ ಅನ್ನೋದು, 1993ರ ಜುಲೈ 4ಕ್ಕೆ ನ್ಯೂಯಾರ್ಕ್‌ನಲ್ಲಿ ಇಂಟ್ರೆಪಿಡ್ ಹಡಗಿನ ಡೆಕ್ ಮೇಲೆ ಲೆಕ್ಸ್ ಲ್ಯೂಗರ್ ಎತ್ತಿದ್ದು ಅದಕ್ಕೇ ಅಷ್ಟು ದೊಡ್ಡ ಸುದ್ದಿ ಆಗಿದ್ದು. ಗೇಮಲ್ಲಿ ಆ ಭಾರ ಎಲ್ಲಿದೆ? ಹಳೇ ತಪ್ಪೇ, ಹೊಸ ಹೆಸರುಗಳ ಮೇಲೆ.

ನನ್ನ ಲೆಕ್ಕದಲ್ಲಿ 1991ರದ್ದೇ ಮೇಲು, ಇರೋದನ್ನ ಚುರುಕಾಗಿ ಕೊಡುತ್ತೆ ಅಂತ. ಆಮೇಲೆ ಕಿಂಗ್ ಆಫ್ ದಿ ರಿಂಗ್. ಸೂಪರ್‌ಸ್ಟಾರ್ಸ್ 2 ಕೊನೆಗೆ, ಕೇಜ್ ಮ್ಯಾಚ್ ಒಂದನ್ನ ನೋಡೋ ಆಸೆ ಇದ್ರೆ ಮಾತ್ರ ತಗೊಳ್ಳಿ, ಅದೂ ಕಮ್ಮಿಗೆ ಸಿಕ್ರೆ. ಇಬ್ರು ಆಡ್ಬೇಕು ಅಂದ್ರೆ ಎರಡು ಗೇಮ್ ಬಾಯ್, ಎರಡು ಕಾರ್ಟ್ರಿಡ್ಜ್, ಮಧ್ಯೆ ಕೇಬಲ್ ಬೇಕು ಅನ್ನೋದನ್ನೂ ಖರ್ಚಿಗೆ ಸೇರಿಸ್ಕೊಳ್ಳಿ. ಗೇಮ್ ಬಾಯ್ ಅಡ್ವಾನ್ಸ್ ಇರೋರು ಹಳೇ ಕಾರ್ಟ್ರಿಡ್ಜ್ ಅದ್ರಲ್ಲೇ ಹಾಕಿ ಆಡಬಹುದು, ಹಾಗೆ ಆಡೋರು ಜೊತೆಗೆ 2001ರ ಫೈರ್ ಪ್ರೊ ರೆಸ್ಲಿಂಗ್ ಕೂಡ ತಗೊಂಡು ಅದೇ ಮೆಷಿನ್‌ನಲ್ಲಿ ಹಾಕಿ ನೋಡಿ, ಮೊದಲ ದಿನ ಒಂದು ಮ್ಯಾಚೂ ಗೆಲ್ಲಲ್ಲ, ಬಟನ್ ಒತ್ತೋದನ್ನ ನಿಧಾನ ಮಾಡಿದ ಮೇಲೆ ಗೆಲ್ಲೋಕೆ ಶುರು ಮಾಡ್ತೀರ.